ನಕ್ಷತ್ರದ ಬಿಸಿ ಅಳೆಯುವುದು ಹೇಗೆ?

ಮಕ್ಕಳೇ, ಕುಲುಮೆಯಲ್ಲಿ ಕಬ್ಬಿಣ ಕಾಯಿಸುವುದನ್ನು ನೋಡಿದ್ದೀರಾ? ಕಪ್ಪಗಿದ್ದ ಕಬ್ಬಿಣ ಮೊದಲು ಕೆಂಪಾಗುತ್ತದೆ. ತಿದಿ ಒತ್ತಿದಂತೆಲ್ಲ ಕಿತ್ತಳೆ, ಹಳದಿ ಬಣ್ಣಕ್ಕೆ ತಿರುಗುತ್ತದೆ. ಕಮ್ಮಾರ ಅದನ್ನು ಮುಟ್ಟಿ ನೋಡುವುದಿಲ್ಲ. ಎಷ್ಟು ಕಾದಿದೆ ಎಂಬುದನ್ನು ಬಣ್ಣ ನೋಡಿಯೇ ಹೇಳುತ್ತಾನೆ. ವಿಜ್ಞಾನಿಗಳು ನಕ್ಷತ್ರಗಳ ಬಿಸಿಯನ್ನು ಅಂದಾಜು ಮಾಡುವುದೂ ಹೀಗೆಯೇ.

ಫ್ರಾನ್ಸಿನ ತತ್ತ್ವಜ್ಞಾನಿ ಆಗಸ್ಟ್ ಕಾಂಟ್ 1835ರಲ್ಲಿ, ನಕ್ಷತ್ರಗಳ ತಾಪವನ್ನು ಮನುಷ್ಯ ಎಂದೆಂದಿಗೂ ತಿಳಿಯಲಾರ ಎಂದು ಬರೆದಿದ್ದರು. ಆದರೆ ಉತ್ತರ ನಕ್ಷತ್ರದ ಬೆಳಕಿನಲ್ಲೇ ಅಡಗಿತ್ತು!

ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದರೆ ಅದು ಕಾಮನಬಿಲ್ಲಿನಂತೆ ಬಣ್ಣಗಳಾಗಿ ಹರಡುತ್ತದೆ. ಈ ಬಣ್ಣದ ಪಟ್ಟಿಯೇ ರೋಹಿತ. ಪ್ರತಿ ಬಣ್ಣಕ್ಕೂ ಅದರದೇ ತರಂಗದೂರವಿದೆ. ನೇರಳೆಯದು ಸುಮಾರು 400 ನ್ಯಾನೋಮೀಟರ್, ಕೆಂಪಿನದು ಸುಮಾರು 700. ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗವೇ ನ್ಯಾನೋಮೀಟರ್.

ಜರ್ಮನಿಯ ವಿಲ್‌ಹೆಲ್ಮ್ ವೀನ್ 1893ರಲ್ಲಿ ಒಂದು ನಿಯಮ ಕಂಡುಹಿಡಿದರು. ವಸ್ತು ಬಿಸಿಯಾದಷ್ಟೂ ಅದು ಅತಿ ಪ್ರಖರವಾಗಿ ಸೂಸುವ ಬೆಳಕಿನ ತರಂಗದೂರ ಕಡಿಮೆಯಾಗುತ್ತದೆ. ಲೆಕ್ಕ ಸುಲಭ. 29,00,000ವನ್ನು ಆ ತರಂಗದೂರದಿಂದ ಭಾಗಿಸಿದರೆ ತಾಪ ಕೆಲ್ವಿನ್ ಮಾನದಲ್ಲಿ ಸಿಗುತ್ತದೆ. ಸೂರ್ಯನ ರೋಹಿತ ಅತಿ ಪ್ರಖರವಾಗಿರುವುದು ಸುಮಾರು 500 ನ್ಯಾನೋಮೀಟರಿನಲ್ಲಿ.

29,00,000 ÷ 500 = 5,800

ಅಂದರೆ ಸೂರ್ಯನ ಮೇಲ್ಮೈ ತಾಪ ಸುಮಾರು 5,800 ಕೆಲ್ವಿನ್! ಇದರಲ್ಲಿ 273 ಕಳೆದರೆ ಸೆಲ್ಸಿಯಸ್ ಲೆಕ್ಕ ದೊರೆಯುತ್ತದೆ.

ನಕ್ಷತ್ರದ ರೋಹಿತದಲ್ಲಿ ಕಪ್ಪುಗೆರೆಗಳೂ ಇರುತ್ತವೆ. ಹೊರಪದರದ ಅನಿಲಗಳು ಕೆಲವು ಬಣ್ಣಗಳನ್ನು ಹೀರಿಕೊಳ್ಳುವುದರಿಂದ ಅವು ಮೂಡುತ್ತವೆ. ಲುಬ್ಧಕ ನಕ್ಷತ್ರದಲ್ಲಿ ಹೈಡ್ರೋಜನ್ ಗೆರೆಗಳು ದಟ್ಟವಾಗಿವೆ, ಸೂರ್ಯನಲ್ಲಿ ಅಷ್ಟಿಲ್ಲ. ಹಾಗಾದರೆ ಸೂರ್ಯನಲ್ಲಿ ಹೈಡ್ರೋಜನ್ ಕಡಿಮೆಯೇ? ಅಲ್ಲ. ಎರಡರಲ್ಲೂ ಎಲ್ಲಕ್ಕಿಂತ ಹೆಚ್ಚಿರುವುದು ಹೈಡ್ರೋಜನ್ನೇ. ವ್ಯತ್ಯಾಸಕ್ಕೆ ಕಾರಣ ತಾಪ. ಲುಬ್ಧಕದ ತಾಪ ಸುಮಾರು 10,000 ಕೆಲ್ವಿನ್. ತಾಪಕ್ಕೂ ಈ ಗೆರೆಗಳಿಗೂ ಇರುವ ನಂಟನ್ನು ಬಿಡಿಸಲು ಬೇಕಾದ ಸಮೀಕರಣವನ್ನು 1920ರಲ್ಲಿ ಕೊಟ್ಟವರು ನಮ್ಮ ದೇಶದ ಮೇಘನಾದ ಸಹಾ.

ಜನವರಿಯ ಸಂಜೆ ಕತ್ತಲಾದ ಮೇಲೆ ಪೂರ್ವದಲ್ಲಿ ಮಹಾವ್ಯಾಧ ನಕ್ಷತ್ರಪುಂಜವನ್ನು ಹುಡುಕಿ. ಅದರಲ್ಲಿ ಕೆಂಪಗೆ ಹೊಳೆಯುವುದು ಆರ್ದ್ರಾ, ನೀಲಿ ಬಿಳುಪಿನದು ರೈಜಲ್. ಚಿತ್ರ ಬರೆಯುವಾಗ ಬಿಸಿಗೆ ಕೆಂಪು, ತಂಪಿಗೆ ನೀಲಿ ಬಳಿಯುತ್ತೇವಲ್ಲವೇ? ನಕ್ಷತ್ರಗಳಲ್ಲಿ ಇದು ತಿರುಗುಮುರುಗು! ರೈಜಲ್‌ನ ತಾಪ ಸುಮಾರು 12,000 ಕೆಲ್ವಿನ್. ಆರ್ದ್ರಾದ ಬೆಳಕು ಅತಿ ಪ್ರಖರವಾಗಿರುವುದು ಸುಮಾರು 830 ನ್ಯಾನೋಮೀಟರಿನಲ್ಲಿ, ಅಂದರೆ ಕಣ್ಣಿಗೆ ಕಾಣದ ಅವಕೆಂಪಿನಲ್ಲಿ. ಹಾಗಾದರೆ ಅದರ ತಾಪವೆಷ್ಟು? ಭಾಗಿಸಿ ನೋಡಿ.