ಮರದ ಮನೆ ನಮಗಾಗಿ ಉಸಿರಾಡುತ್ತದೆಯೇ? ಬೆಟ್ಟದ ವಿಹಾರಗೃಹಗಳ ಒಳಗಾಳಿಯ ವಿಚಾರ

ನೀಲಗಿರಿಯ ಇಳಿಜಾರುಗಳಲ್ಲಿಯೂ ವಯನಾಡಿನ ಕಾಫಿ ತೋಟಗಳ ಅಂಚಿನಲ್ಲಿಯೂ ಮರದಿಂದ ಕಟ್ಟಿದ ವಿಹಾರಗೃಹಗಳು ಇಂದು ಅಪರೂಪದ ನೋಟವಲ್ಲ. ಅಲ್ಲಿ ತಂಗುವವರಲ್ಲಿ ಬೆಂಗಳೂರು, ಮೈಸೂರು ಕಡೆಯ ಪ್ರವಾಸಿಗರು ಅನೇಕರು. ಕೋಣೆ ಗುಡಿಸಿ, ನೀರು ಕಾಯಿಸಿ, ಚಳಿಗೆ ಬೆಂಕಿ ಹೊತ್ತಿಸಿಕೊಡುವವರಲ್ಲಿ ನಮ್ಮ ಗಡಿನಾಡಿನ ಕನ್ನಡ ಮನೆಗಳವರೂ ಇದ್ದಾರೆ. ಇಂಥ ಮನೆಗಳ ಕುರಿತು ಒಂದು ಮಾತು ಎಲ್ಲೆಡೆ ಕೇಳಿಬರುತ್ತದೆ: “ಮರ ಉಸಿರಾಡುತ್ತದೆ, ಆದುದರಿಂದ ಒಳಗಿನ ಗಾಳಿ ತಾನಾಗಿಯೇ ಶುದ್ಧವಾಗಿರುತ್ತದೆ.” ಈ ಮಾತಿನಲ್ಲಿರುವುದು ಅರ್ಧ ಸತ್ಯ ಮಾತ್ರ. ಅದನ್ನೇ ಪೂರ್ಣ ಸತ್ಯವೆಂದು ನಂಬಿ ಕಿಟಕಿ ಮುಚ್ಚಿ ಮಲಗುವುದು ಪ್ರಾಣಕ್ಕೇ ಎರವಾಗಬಹುದು.

ದಿಮ್ಮಿಯ ಮನೆ: ಅಂದು ಮತ್ತು ಇಂದು

ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆ ಕಟ್ಟುವ ಕ್ರಮವು ಉತ್ತರ ಯುರೋಪಿನ ಕಾಡುನಾಡುಗಳದು. ಫಿನ್ಲೆಂಡ್ ಒಂದರಲ್ಲಿಯೇ 5 ಲಕ್ಷಕ್ಕೂ ಹೆಚ್ಚು ವಿಹಾರಗೃಹಗಳಿದ್ದು, ದಿಮ್ಮಿಯ ಗೋಡೆ ಅವುಗಳ ಹಳೆಯ ಗುರುತು. ಹಿಂದೆ ಅಲ್ಲಿ ದಿಮ್ಮಿಗಳ ನಡುವಿನ ಸಂದುಗಳಿಗೆ ಪಾಚಿಯನ್ನು ತುಂಬುತ್ತಿದ್ದರು. ಆ ಸಂದುಗಳಿಂದ ಗಾಳಿ ನುಸುಳುತ್ತಿತ್ತು. ನಡುಮನೆಯ ಒಲೆ ಉರಿಯುತ್ತಿರುವಷ್ಟು ಹೊತ್ತು ಅದರ ಹೊಗೆಕೊಳವೆ ಒಳಗಿನ ಗಾಳಿಯನ್ನು ಮೇಲಕ್ಕೆಳೆದು ಹೊರಹಾಕುತ್ತಿತ್ತು. ನಮ್ಮ ಹಳೆಯ ಹಂಚಿನ ಮಾಡಿನ ಮನೆಗಳೂ ಹೀಗೆಯೇ. ಹಂಚಿನ ಸಂದುಗಳು ಯಾರ ಯೋಜನೆಯೂ ಇಲ್ಲದೆ ಗಾಳಿಯಾಡಿಸುತ್ತಿದ್ದವು.

ಆಧುನಿಕ ದಿಮ್ಮಿಯ ಮನೆ ಇದಕ್ಕಿಂತ ಭಿನ್ನ. ಅದರ ದಿಮ್ಮಿ ಅನೇಕ ವೇಳೆ ಹಲಗೆಗಳನ್ನು ಅಂಟಿನಿಂದ ಕೂಡಿಸಿ ಯಂತ್ರದಲ್ಲಿ ನೇರವಾಗಿ ಕೊರೆದದ್ದು. ಸಂದುಗಳಲ್ಲಿ ಗಾಳಿ ತಡೆಯುವ ಪಟ್ಟಿ, ಕಿಟಕಿಗಳಿಗೆ ಎರಡು ಮೂರು ಪದರದ ಗಾಜು, ಬಾಗಿಲಿನ ಅಂಚಿಗೆ ರಬ್ಬರು. ಶಾಖದ ಉಳಿತಾಯಕ್ಕಾಗಿ ಮಾಡಿದ ಈ ಏರ್ಪಾಡು ಗಾಳಿಯ ದಾರಿಯನ್ನೂ ಮುಚ್ಚುತ್ತದೆ. ಆದುದರಿಂದಲೇ ಆ ದೇಶಗಳಲ್ಲಿ ಮಲಗುವ ಕೋಣೆಗೆ ಹೊಸ ಗಾಳಿ ಬರುವ ಕಿಂಡಿ, ಅಡುಗೆಮನೆ ಮತ್ತು ಬಚ್ಚಲಿನಿಂದ ಹಳೆಯ ಗಾಳಿ ಹೊರಹೋಗುವ ಕೊಳವೆ, ಇವೆರಡನ್ನೂ ಮನೆಯ ನಕ್ಷೆಯಲ್ಲಿಯೇ ಗುರುತಿಸುತ್ತಾರೆ. ಮನೆಯ ಅರ್ಧದಷ್ಟು ಗಾಳಿಯಾದರೂ ಗಂಟೆಗೊಮ್ಮೆ ಬದಲಾಗಬೇಕೆಂಬುದು ಅಲ್ಲಿ ರೂಢಿಯಲ್ಲಿರುವ ಅಳತೆ.

ಶಿಕ್ಷಕರಾದ ನಮ್ಮ ಗಮನ ಸೆಳೆಯುವ ನಿದರ್ಶನವೊಂದು ಉತ್ತರ ಫಿನ್ಲೆಂಡಿನ ಪುದಾಸ್‌ಯಾರ್ವಿ ಪಟ್ಟಣದಲ್ಲಿದೆ. ಹಳೆಯ ಶಾಲಾ ಕಟ್ಟಡಗಳ ಒಳಗಾಳಿ ಕೆಟ್ಟು ತೊಂದರೆಯಾದಾಗ ಆ ಪಟ್ಟಣವು ದಿಮ್ಮಿಯ ಶಾಲೆಯನ್ನು ಕಟ್ಟಲು ನಿರ್ಧರಿಸಿತು. 2016ರಲ್ಲಿ ಅದು ಪೂರ್ಣಗೊಂಡಿತು. ಆದರೆ ಮರದ ಗೋಡೆಯಿದೆಯೆಂದು ಅಲ್ಲಿ ಯಂತ್ರದ ಮೂಲಕ ಗಾಳಿಯಾಡಿಸುವ ವ್ಯವಸ್ಥೆಯನ್ನು ಕೈಬಿಡಲಿಲ್ಲ. ಮರ ಮತ್ತು ಗಾಳಿ ಎರಡೂ ಬೇಕೆಂಬುದು ಅವರಿಗೆ ತಿಳಿದಿತ್ತು.

ಹಾಗಾದರೆ ಮರ “ಉಸಿರಾಡುವುದು” ಎಂದರೇನು? ಗಾಳಿಯಲ್ಲಿ ತೇವ ಹೆಚ್ಚಾದಾಗ ಮರದ ಮೇಲ್ಪದರ ಅದನ್ನು ಹೀರಿಕೊಳ್ಳುತ್ತದೆ, ಗಾಳಿ ಒಣಗಿದಾಗ ಬಿಟ್ಟುಕೊಡುತ್ತದೆ. ಇದು ನಿಜವಾದ ಗುಣ, ಒಳ್ಳೆಯ ಗುಣ. ಆದರೆ ಮರ ಆಮ್ಲಜನಕವನ್ನು ಒಳತರುವುದಿಲ್ಲ, ನಾವು ಬಿಟ್ಟ ಗಾಳಿಯನ್ನು ಹೊರಹಾಕುವುದೂ ಇಲ್ಲ.

ಒಂದು ಕೋಣೆಯ ಲೆಕ್ಕ

ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ, ಒಂಬತ್ತು ಅಡಿ ಎತ್ತರದ ಕೋಣೆಯನ್ನು ಊಹಿಸೋಣ. ಅದರಲ್ಲಿ ಸುಮಾರು 30 ಘನ ಮೀಟರ್ ಗಾಳಿಯಿದೆ. ನಿದ್ರಿಸುವ ವಯಸ್ಕನೊಬ್ಬ ಗಂಟೆಗೆ ಸುಮಾರು 13 ಲೀಟರ್ ಕಾರ್ಬನ್ ಡೈಆಕ್ಸೈಡನ್ನು ಹೊರಬಿಡುತ್ತಾನೆ, ಇಬ್ಬರಾದರೆ 26 ಲೀಟರ್. ಹೊರಗಿನ ಗಾಳಿಯಲ್ಲಿ ಈ ಅನಿಲವು ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 420 ಭಾಗಗಳಷ್ಟಿದೆ. ಕೋಣೆ ಸಂಪೂರ್ಣ ಮುಚ್ಚಿದ್ದರೆ ಒಂದೇ ಗಂಟೆಯಲ್ಲಿ ಅದು 1,300ಕ್ಕೇರುತ್ತದೆ, ಬೆಳಗಾಗುವಷ್ಟರಲ್ಲಿ 7,000ವನ್ನು ದಾಟುತ್ತದೆ. ಅದನ್ನು 1,000ದ ಆಸುಪಾಸಿನಲ್ಲಿ ನಿಲ್ಲಿಸಬೇಕಾದರೆ ಗಂಟೆಗೆ ಸುಮಾರು 45 ಘನ ಮೀಟರ್ ಹೊಸ ಗಾಳಿ ಬೇಕು. ಅಂದರೆ ಇಷ್ಟು ಚಿಕ್ಕ ಕೋಣೆಯಲ್ಲಿ ಗಂಟೆಗೆ ಒಂದೂವರೆ ಬಾರಿ ಗಾಳಿ ಬದಲಾಗಬೇಕು.

ಈ ಮಟ್ಟದ ಕಾರ್ಬನ್ ಡೈಆಕ್ಸೈಡ್ ಕೊಲ್ಲುವುದಿಲ್ಲ. ಆದರೆ ಗಾಳಿ ಎಷ್ಟು ಹಳಸಿದೆಯೆಂಬುದನ್ನು ಅದು ತೋರಿಸಿಕೊಡುತ್ತದೆ. ಜೊತೆಗೆ ಇಬ್ಬರ ಉಸಿರು ಮತ್ತು ಮೈಯಿಂದ ಒಂದು ರಾತ್ರಿಯಲ್ಲಿ ಅರ್ಧ ಲೀಟರಿಗೂ ಹೆಚ್ಚು ನೀರು ಆವಿಯಾಗಿ ಕೋಣೆ ಸೇರುತ್ತದೆ. ಬೆಳಿಗ್ಗೆ ಗಾಜಿನ ಮೇಲೆ ಇಳಿಯುವ ಹನಿಗಳು, ಕಪಾಟಿನ ಹಿಂದೆ ಹಬ್ಬುವ ಬೂಷ್ಟು, ಹಾಸಿಗೆಯ ಮುಗ್ಗಲು ವಾಸನೆ ಇವೆಲ್ಲದರ ಮೂಲ ಅದೇ. ಉಬ್ಬಸವಿರುವ ಮಕ್ಕಳಿಗೆ ಇಂಥ ಕೋಣೆ ಹಿತವಲ್ಲ.

ಹೊಸ ಮನೆಯ ಪರಿಮಳದ ಬಗ್ಗೆಯೂ ಒಂದು ಮಾತು. ಪೈನ್ ಮರದ ವಾಸನೆ ಅದರ ರಾಳದಿಂದ ಹೊಮ್ಮುವ ಸಹಜ ಆವಿಗಳದು. ಹೆಚ್ಚಿನ ಎಚ್ಚರಿಕೆ ಬೇಕಾದುದು ಪ್ಲೈವುಡ್, ಅಂಟು, ವಾರ್ನಿಷ್‌ಗಳ ವಿಷಯದಲ್ಲಿ. ಇವುಗಳಿಂದ ಹೊರಡುವ ಫಾರ್ಮಾಲ್ಡಿಹೈಡ್ ಅನಿಲಕ್ಕೆ ವಿಶ್ವ ಆರೋಗ್ಯ ಸಂಸ್ಥೆಯು ಪ್ರತಿ ಘನ ಮೀಟರಿಗೆ 0.1 ಮಿಲಿಗ್ರಾಂ ಎಂಬ ಮಿತಿಯನ್ನು ಸೂಚಿಸಿದೆ. ಬಣ್ಣ ಬಳಿದ ವಾರದಲ್ಲಿಯೇ ಅತಿಥಿಗಳನ್ನು ಇಳಿಸದೆ, ಕಿಟಕಿಗಳನ್ನು ತೆರೆದಿಟ್ಟು ಕೆಲವು ವಾರ ಗಾಳಿಯಾಡಿಸುವುದು ಉಚಿತ.

ಕೆಂಡದ ಅಪಾಯ

ಇದುವರೆಗೆ ಹೇಳಿದ್ದು ಅಸೌಖ್ಯದ ಮಾತು. ಇನ್ನು ಹೇಳಬೇಕಾದದ್ದು ಸಾವಿನ ಮಾತು. ಉದಕಮಂಡಲದಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಹುಲ್ಲಿನ ಮೇಲೆ ಹಿಮ ಕಟ್ಟುತ್ತದೆ. ಚಳಿ ತಡೆಯಲಾರದೆ ಅಗ್ಗಿಷ್ಟಿಕೆಯಲ್ಲಿ ಇದ್ದಿಲ ಕೆಂಡ ತುಂಬಿ ಕೋಣೆಯೊಳಗಿಟ್ಟುಕೊಂಡು ಬಾಗಿಲು ಹಾಕಿ ಮಲಗುವ ಪದ್ಧತಿಯುಂಟು. ಕೆಂಡಕ್ಕೆ ಹೊಗೆಯಿಲ್ಲ, ಆದುದರಿಂದ ಅಪಾಯವಿಲ್ಲವೆಂಬ ಭಾವನೆ. ವಾಸ್ತವದಲ್ಲಿ ಹೊಗೆಯಿಲ್ಲದ ಕೆಂಡವೇ ಕಾರ್ಬನ್ ಮೊನಾಕ್ಸೈಡನ್ನು ಧಾರಾಳವಾಗಿ ಉಗುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚಿನ ಬಲದಿಂದ ಅದನ್ನು ಹಿಡಿದುಕೊಳ್ಳುತ್ತದೆ. ಉದಕಮಂಡಲವು ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದ್ದು, ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಬಯಲಿಗಿಂತ ಕಾಲು ಭಾಗದಷ್ಟು ಕಡಿಮೆ.

ತಲೆನೋವು, ವಾಕರಿಕೆ, ತಲೆಸುತ್ತು ಈ ವಿಷದ ಮೊದಲ ಲಕ್ಷಣಗಳು. ಘಾಟಿಯ ತಿರುವುಗಳಲ್ಲಿ ಬಂದ ಆಯಾಸವೆಂದು ಭಾವಿಸಿ ಜನ ಮಲಗಿಬಿಡುತ್ತಾರೆ, ಕೆಲವರು ಏಳುವುದಿಲ್ಲ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಹೀಟರ್ ಉರಿಸಿ ಮಲಗಿದ್ದ ಕೇರಳದ 8 ಮಂದಿ ಪ್ರವಾಸಿಗರು ಮೃತಪಟ್ಟರು. ಅವರಲ್ಲಿ 4 ಮಕ್ಕಳಿದ್ದರು.

ಹೊಗೆಕೊಳವೆಯುಳ್ಳ ಒಲೆಯಿದ್ದರೂ ನಿಶ್ಚಿಂತೆಯಿಲ್ಲ. ಬಿಗಿಯಾದ ಮನೆಯಲ್ಲಿ ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಗಾಳಿಯನ್ನು ಹೊರದೂಡುತ್ತಿರುವಾಗ ಆ ಜಾಗ ತುಂಬಲು ಬೇರೆಡೆಯಿಂದ ಗಾಳಿ ಬರಲೇಬೇಕು. ಕಿಂಡಿಗಳಿಲ್ಲದಿದ್ದರೆ ಅದು ಹೊಗೆಕೊಳವೆಯಿಂದಲೇ ಹಿಮ್ಮುಖವಾಗಿ ಇಳಿಯುತ್ತದೆ. ಹೊರಹೋಗಬೇಕಾದ ಅನಿಲ ಕೋಣೆಗೆ ಮರಳುತ್ತದೆ. ಕಿಂಡಿಯಿಲ್ಲದ ಬಚ್ಚಲಲ್ಲಿ ಕೂರಿಸಿದ ಗ್ಯಾಸ್ ಗೀಸರ್ ಕೂಡ ಇದೇ ವಿಷವನ್ನು ಹೊರಸೂಸಬಲ್ಲದು.

ಮಂಜಿರುವಾಗ ಕಿಟಕಿ ತೆರೆಯಬೇಕೆ?

ಹೊರಗೆ ಮಂಜು ಕವಿದಿರುವಾಗ ಕಿಟಕಿ ತೆರೆದರೆ ತೇವ ಒಳಬರುವುದೆಂಬ ಆಕ್ಷೇಪ ಸಹಜ. ಆದರೆ ತಣ್ಣನೆಯ ಗಾಳಿ ಹಿಡಿದಿಡುವ ನೀರೇ ಕಡಿಮೆ. 10 ಡಿಗ್ರಿಯ ಮಂಜಿನ ಗಾಳಿ ಒಳಬಂದು 20 ಡಿಗ್ರಿಗೆ ಬೆಚ್ಚಗಾದರೆ ಅದರ ಆರ್ದ್ರತೆ ಶೇ. 100ರಿಂದ ಶೇ. 55ರ ಸಮೀಪಕ್ಕಿಳಿಯುತ್ತದೆ. ಆದುದರಿಂದ ಬೆಚ್ಚಗಿನ ಕೋಣೆಯನ್ನು ಅದು ಒಣಗಿಸುತ್ತದೆ. ವಯನಾಡಿನ ತಗ್ಗು ಭಾಗದ ಮಳೆಗಾಲದಲ್ಲಿ ಒಳಹೊರಗಿನ ಉಷ್ಣತೆಯಲ್ಲಿ ಹೆಚ್ಚು ಅಂತರವಿಲ್ಲದಿರುವುದರಿಂದ ಈ ಲಾಭ ಕಡಿಮೆ. ಅಲ್ಲಿ ಫ್ಯಾನು ಮತ್ತು ಬಿಸಿಲು ಬಿದ್ದ ಹೊತ್ತಿನ ಗಾಳಿಯನ್ನೇ ನೆಚ್ಚಬೇಕು.

ಮಾಡಬೇಕಾದುದೇನು?

ಮನೆ ಕಟ್ಟಿಸುವವರು ಪ್ರತಿ ಮಲಗುವ ಕೋಣೆಗೂ ಪೂರ್ತಿ ಮುಚ್ಚಲಾಗದ ಎರಡು ಗಾಳಿಕಿಂಡಿಗಳನ್ನು, ಒಂದನ್ನು ಕೆಳಗೆ, ಇನ್ನೊಂದನ್ನು ಎದುರು ಗೋಡೆಯ ಮೇಲ್ಭಾಗದಲ್ಲಿ ಇರಿಸಲಿ. ಬಿಸಿ ಗಾಳಿ ಮೇಲೇರಿ ಹೊರಹೋಗುವಾಗ ಕೆಳಗಿನಿಂದ ಹೊಸದು ಬರುತ್ತದೆ. ಇದಕ್ಕೆ ವಿದ್ಯುತ್ ಬೇಕಿಲ್ಲ. ಒಲೆಗೆ ಹೊರಗಿನಿಂದಲೇ ಗಾಳಿ ತರುವ ಪ್ರತ್ಯೇಕ ಕೊಳವೆಯಿರಲಿ. ಗೀಸರನ್ನು ಬಚ್ಚಲಿನ ಹೊರಗೆ ಕೂರಿಸಲಿ. ಮಲಗುವ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡನ್ನು ಪತ್ತೆಹಚ್ಚಿ ಕೂಗುವ ಉಪಕರಣವನ್ನು ಅಳವಡಿಸಲಿ. ಹೊಗೆಯನ್ನು ಗುರುತಿಸುವ ಸಾಮಾನ್ಯ ಉಪಕರಣ ಈ ಅನಿಲವನ್ನು ಗುರುತಿಸಲಾರದು.

ತಂಗುವವರು ಕೆಂಡದ ಅಗ್ಗಿಷ್ಟಿಕೆಯನ್ನು ಎಂದಿಗೂ ಮಲಗುವ ಕೋಣೆಗೆ ತರಬಾರದು. ಅಂಗಳದಲ್ಲಿ ಮೈ ಕಾಯಿಸಿಕೊಂಡು, ಒಳಗೆ ಕಂಬಳಿ ಹೊದೆಯುವುದೇ ಕ್ಷೇಮ. ಒಂದೇ ಕೋಣೆಯಲ್ಲಿ ಹಲವರಿಗೆ ಏಕಕಾಲದಲ್ಲಿ ತಲೆನೋವು ಬಂದರೆ ಮೊದಲು ಎಲ್ಲರೂ ಹೊರಬರಬೇಕು, ಬಳಿಕ 108ಕ್ಕೆ ಕರೆ ಮಾಡಬೇಕು. ಒಳಗೆ ಬೆಂಕಿಯಿತ್ತೆಂದು ವೈದ್ಯರಿಗೆ ತಿಳಿಸಬೇಕು. ಬೆರಳಿಗೆ ಸಿಕ್ಕಿಸುವ ಆಮ್ಲಜನಕದ ಮಾಪಕವು ಈ ವಿಷವೇರಿದಾಗಲೂ ಸಹಜ ಅಂಕಿಯನ್ನೇ ತೋರಿಸಬಹುದು. ಅದನ್ನು ನಂಬಿ ಕಾಲಹರಣ ಮಾಡಬಾರದು.

ಶೈಕ್ಷಣಿಕ ಪ್ರವಾಸಕ್ಕೆ ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯುವ ಸಹಶಿಕ್ಷಕರಲ್ಲಿ ನಮ್ಮ ವಿನಂತಿಯಿಷ್ಟೆ: ಕೋಣೆಯ ಬಾಡಿಗೆಯನ್ನು ವಿಚಾರಿಸುವಾಗಲೇ ಗಾಳಿಯ ಕಿಂಡಿ ಎಲ್ಲಿದೆಯೆಂದೂ ವಿಚಾರಿಸಿರಿ. ವಿಹಾರಗೃಹಗಳ ಮಾಲೀಕರು “ಕೋಣೆಯೊಳಗೆ ಕೆಂಡ ಇಡಬಾರದು, ಕಿಂಡಿ ಮುಚ್ಚಬಾರದು” ಎಂಬ ಸೂಚನೆಯನ್ನು ಮಲಯಾಳ, ತಮಿಳು, ಇಂಗ್ಲಿಷ್‌ಗಳ ಜೊತೆಗೆ ಕನ್ನಡದಲ್ಲಿಯೂ ತೂಗುಹಾಕಲಿ. ಬೆಂಕಿ ಹೊತ್ತಿಸುವ ಕೆಲಸದವನಿಗೂ ಅದರ ಪಕ್ಕದಲ್ಲಿ ಮಲಗುವ ಅತಿಥಿಗೂ ಓದಲು ಬರುವ ಭಾಷೆಯಲ್ಲಿದ್ದರೆ ಮಾತ್ರ ಎಚ್ಚರಿಕೆಯ ಮಾತು ಜೀವ ಉಳಿಸೀತು.