ಮರೆಯಲ್ಲಿಟ್ಟ ವಿನೋದ: ಒಂದು ವಿಡಿಯೋ ಆಟ ಮತ್ತು ಬಾದಾಮಿ, ಐಹೊಳೆಗಳ ಶಿಲ್ಪ-ಶಾಸನಗಳು

ಶಾಸನವನ್ನಾಗಲಿ ಶಿಲ್ಪವನ್ನಾಗಲಿ ಅಭ್ಯಸಿಸುವವರು ಮೊದಲು ಗಮನಿಸುವುದು ಅದು ಬಹಿರಂಗವಾಗಿ ಸಾರುವ ವಿಷಯವನ್ನು: ಅರಸನ ಹೆಸರು, ಶಕವರ್ಷ, ದಾನದ ವಿವರ, ದೇವತೆಯ ಲಕ್ಷಣ. ಇವಲ್ಲದೆ ಕರ್ತೃವು ಬೇಕೆಂದೇ ಮರೆಯಲ್ಲಿರಿಸಿದ ಸಂಗತಿಗಳೂ ಕೆಲವು ಇರುತ್ತವೆ. ಅವನ್ನು ಒಮ್ಮೆ ವಿನೋದಕ್ಕಾಗಿ, ಇನ್ನೊಮ್ಮೆ ತನ್ನ ಹೆಸರು ಉಳಿಯಲೆಂಬ ಆಸೆಯಿಂದ ಅಲ್ಲಿ ಇರಿಸಿರುತ್ತಾನೆ. ಇಂಥವನ್ನು ಗುರುತಿಸುವುದು ಹೇಗೆ, ಕೇವಲ ಪ್ರಮಾದದಿಂದಲೂ ನೋಡುವವನ ಕಲ್ಪನೆಯಿಂದಲೂ ಅವನ್ನು ಬೇರ್ಪಡಿಸುವುದು ಹೇಗೆ ಎಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ. ಉದಾಹರಣೆಗಳನ್ನು ಬಹುಮಟ್ಟಿಗೆ ಬಾದಾಮಿ, ಪಟ್ಟದಕಲ್ಲು ಮತ್ತು ಹುನಗುಂದದ ಕಡೆಯ ಐಹೊಳೆಗಳಿಂದ ಆಯ್ದುಕೊಂಡಿದೆ. ಆದರೆ ವಿಚಾರವನ್ನು ನಮ್ಮ ಕಾಲದ ಒಂದು ವಿಡಿಯೋ ಆಟದಿಂದ ಆರಂಭಿಸುವುದು ಅನುಕೂಲ. ಅದರ ರಚನೆಯನ್ನು ಅಂಕಿ ಅಂಕಿಯಾಗಿ ಬಿಚ್ಚಿ ನೋಡಲು ಸಾಧ್ಯವಾಗಿರುವುದರಿಂದ, ಅಲ್ಲಿ ವಿನೋದ ಯಾವುದು, ತಪ್ಪು ಯಾವುದು ಎಂಬುದು ಸ್ಪಷ್ಟವಾಗಿ ನಿರ್ಧಾರವಾಗಿದೆ.

ಒಂದು ಆಟದ ಒಳಗುಟ್ಟು

ನಮ್ಮ ಸೀಮೆಯಲ್ಲಿ ಶ್ರೀಕೃಷ್ಣ ಪಾರಿಜಾತವನ್ನು ಕಂಡವರಿಗೆ ವೇಷ ಕಟ್ಟಿ ಪಾತ್ರವಾಗುವುದೆಂದರೇನೆಂದು ಹೇಳಬೇಕಾಗಿಲ್ಲ. ವಿಡಿಯೋ ಆಟಗಳಲ್ಲಿಯೂ ಪಾತ್ರಧಾರಣೆಯ ಆಟಗಳೆಂಬ ಒಂದು ವರ್ಗವುಂಟು. ಅಲ್ಲಿ ಆಡುವವನೇ ಪಾತ್ರಗಳನ್ನು ಆರಿಸಿಕೊಂಡು, ಅವುಗಳ ಬಲ, ಬುದ್ಧಿ, ಆಯುಧಗಳನ್ನು ಬೆಳೆಸುತ್ತ ಕಥೆಯನ್ನು ಮುಂದಕ್ಕೆ ನಡೆಸುತ್ತಾನೆ. ಈ ವರ್ಗದ ಮೇರುಕೃತಿಗಳಲ್ಲಿ ಒಂದು, ಜಪಾನಿನ ಸ್ಕ್ವೇರ್ ಸಂಸ್ಥೆಯು 1987ರಲ್ಲಿ ಹೊರತಂದ ‘ಫೈನಲ್ ಫ್ಯಾಂಟಸಿ’. ಹಿರೊನೊಬು ಸಕಾಗುಚಿ ಅದರ ನಿರ್ದೇಶಕ. ಇರಾನ್ ಮೂಲದ ಅಮೆರಿಕನ್ನನಾದ ನಾಸಿರ್ ಗೆಬೆಲ್ಲಿ ಅದರ ಪ್ರೋಗ್ರಾಮನ್ನು ಬರೆದವನು. ಅಮೆರಿಕೆಯಲ್ಲಿ ಇದರ ಇಂಗ್ಲಿಷ್ ಆವೃತ್ತಿ 1990ರಲ್ಲಿ ಬಂದಿತು.

ಈ ಆವೃತ್ತಿಯಲ್ಲಿ ಒಂದು ಊರಿನ ಗೋರಿಕಲ್ಲುಗಳ ನಡುವೆ ‘ಎರ್ಡ್ರಿಕ್ ಇಲ್ಲಿ ಮಲಗಿದ್ದಾನೆ’ ಎಂಬರ್ಥದ ಬರಹ ಕಾಣುತ್ತದೆ. ಕಥೆಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಎರ್ಡ್ರಿಕ್ ಎಂಬುದು ಪ್ರತಿಸ್ಪರ್ಧಿ ಸಂಸ್ಥೆಯಾದ ಎನಿಕ್ಸ್ ಹೊರತಂದ ಆಟದಲ್ಲಿ ಬರುವ ಪುರಾಣವೀರನ ಹೆಸರು. ಎದುರಾಳಿಯ ವೀರನಿಗೆ ತಮ್ಮ ಊರಿನಲ್ಲಿ ಗೋರಿ ಕಟ್ಟಿಸಿದುದೇ ಇಲ್ಲಿಯ ಹಾಸ್ಯ. ಆ ಇನ್ನೊಂದು ಆಟವನ್ನು ತಿಳಿಯದವನಿಗೆ ಅದು ಬರಿಯ ಕಲ್ಲು.

ಎರಡನೆಯ ಗುಟ್ಟು ಹಡಗಿನಲ್ಲಿದೆ. ಹಡಗಿನಲ್ಲಿರುವಾಗ ಒಂದು ಗುಂಡಿಯನ್ನು ಅದುಮಿ ಹಿಡಿದು ಇನ್ನೊಂದನ್ನು 55 ಸಲ ಒತ್ತಿದರೆ, 15 ಅಂಕಿಗಳ ಬಿಲ್ಲೆಗಳನ್ನು ಸರಿಸಿ ಕ್ರಮಕ್ಕೆ ತರುವ ಒಂದು ಒಗಟು ತೆರೆದುಕೊಳ್ಳುತ್ತದೆ. ಆಟದೊಳಗಿನ ಯಾವ ಪಾತ್ರವೂ ಇದನ್ನು ಹೇಳುವುದಿಲ್ಲ. 55 ಸಲ ಎಂಬ ನಿಯಮವು ಆಕಸ್ಮಿಕವಾಗಿ ಹುಟ್ಟಲಾರದಾದ್ದರಿಂದ ಇದು ಪ್ರೋಗ್ರಾಮುಗಾರನ ಬುದ್ಧಿಪೂರ್ವಕವಾದ ಕೃತ್ಯವೇ ಸರಿ.

ಮೂರನೆಯದು ಭಿನ್ನಜಾತಿಯದು. ಆಟದಲ್ಲಿ ಪ್ರತಿಯೊಂದು ಪಾತ್ರಕ್ಕೂ ‘ಬುದ್ಧಿ’ ಎಂಬ ಒಂದು ಅಂಕ ಉಂಟು. ಮಂತ್ರವಾದಿಗಳಿಗೆ ಇದು ಹೆಚ್ಚಿದಷ್ಟೂ ಮಂತ್ರ ಬಲಿಯುವುದೆಂದು ಯಾರಾದರೂ ಊಹಿಸುವರು. ಪ್ರೋಗ್ರಾಮನ್ನು ಬಿಚ್ಚಿ ನೋಡಿದಾಗ, ಮೊದಲ ಆವೃತ್ತಿಯಲ್ಲಿ ಆ ಅಂಕವು ಮಂತ್ರಗಳ ಮೇಲೆ ಯಾವ ಪರಿಣಾಮವನ್ನೂ ಮಾಡುತ್ತಿರಲಿಲ್ಲವೆಂದು ತಿಳಿದುಬಂದಿತು. ಆಯುಧದ ಬಲವನ್ನು ಹೆಚ್ಚಿಸಬೇಕಾದ ಒಂದು ಮಂತ್ರವೂ ಹಾಗೆಯೇ ನಿಷ್ಫಲವಾಗಿತ್ತು. ಬುದ್ಧಿಯಿಂದ ಏನೂ ಪ್ರಯೋಜನವಿಲ್ಲವೆಂಬ ಈ ಸ್ಥಿತಿ ನಗೆಯನ್ನು ತರಿಸಿದರೂ ಅದು ವಿನೋದವಲ್ಲ, ಅವಸರದ ತಪ್ಪು. ಹೀಗೆ ಒಂದೇ ಕೃತಿಯಲ್ಲಿ ಓದುಗನನ್ನು ನಂಬಿದ ಹಾಸ್ಯ, ಕರ್ತೃವಿನ ಕೈಗುರುತು, ಅರಿಯದೆ ಆದ ಪ್ರಮಾದ ಎಂಬ ಮೂರು ಬಗೆಗಳು ದೊರೆಯುತ್ತವೆ. ಇದೇ ವಿಭಾಗವನ್ನು ಏಳನೆಯ ಶತಮಾನಕ್ಕೆ ಅನ್ವಯಿಸಿ ನೋಡೋಣ.

ರವಿಕೀರ್ತಿಯ ಶ್ಲೇಷೆ

ಐಹೊಳೆಯ ಮೇಗುತಿ ಗುಡ್ಡದ ಜಿನಾಲಯದ ಗೋಡೆಯ ಮೇಲೆ ಶಕವರ್ಷ 556ರ, ಎಂದರೆ ಕ್ರಿ. ಶ. 634-35ರ, ಸಂಸ್ಕೃತ ಪ್ರಶಸ್ತಿಯೊಂದಿದೆ. ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳಿಗೆ ಇದೇ ಮುಖ್ಯವಾದ ಆಧಾರ. ಉತ್ತರಾಪಥದ ಹರ್ಷವರ್ಧನನನ್ನು ಪುಲಕೇಶಿಯು ತಡೆದ ಸಂಗತಿಯನ್ನು ಹೇಳುವಾಗ ಕವಿ ರವಿಕೀರ್ತಿಯು ಯುದ್ಧದಲ್ಲಿ ಬಿದ್ದ ಆನೆಗಳ ದೃಶ್ಯವನ್ನು ತಂದು, ಭಯದಿಂದ ಹರ್ಷನ ಹರ್ಷವೇ ಜಾರಿಹೋಯಿತೆಂದು ಶ್ಲೇಷೆಯಾಡುತ್ತಾನೆ. ‘ಪುಲಕೇಶಿಯು ಹರ್ಷನನ್ನು ಸೋಲಿಸಿದನು’ ಎಂದು ನಮ್ಮ ಪಠ್ಯಪುಸ್ತಕಗಳಲ್ಲಿ ಬರುವ ಒಂದು ವಾಕ್ಯದ ಹಿಂದೆ ಈ ನಗೆ ಅಡಗಿದೆ. ಎದುರಾಳಿಯ ವೀರನಿಗೆ ಗೋರಿ ಕಟ್ಟಿದವರ ಮನೋಧರ್ಮವೂ ಇದಕ್ಕೆ ದೂರವಾದುದಲ್ಲ.

ಹಾಸ್ಯವಿದ್ದ ಮಾತ್ರಕ್ಕೆ ಸಂಗತಿ ಸುಳ್ಳಾಗಬೇಕಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಹರ್ಷನ ಆಸ್ಥಾನದ ಗೌರವಕ್ಕೆ ಪಾತ್ರನಾಗಿದ್ದ ಚೀನೀ ಯಾತ್ರಿಕ ಹ್ಯುಯೆನ್ ತ್ಸಾಂಗನೂ ಹರ್ಷನಿಗೆ ಈ ನಾಡನ್ನು ಅಧೀನಪಡಿಸಿಕೊಳ್ಳಲಾಗಲಿಲ್ಲವೆಂದೇ ಬರೆದಿದ್ದಾನೆ. ಎದುರು ಪಕ್ಷದ ಈ ಸಾಕ್ಷ್ಯವು ಕವಿಯ ಮಾತಿನ ತಿರುಳನ್ನು ಸಮರ್ಥಿಸುತ್ತದೆ. ಭಯದಿಂದ ನಡುಗಿದ ಹರ್ಷನ ಚಿತ್ರವಾದರೋ ಶ್ಲೇಷೆಯ ಕೊಡುಗೆ. ಸಂಗತಿಯನ್ನು ಅಲಂಕಾರದಿಂದ ಬೇರ್ಪಡಿಸಬೇಕಾದರೆ ಅಲಂಕಾರವನ್ನು ಮೊದಲು ಗುರುತಿಸಬೇಕಷ್ಟೆ.

ಇದೇ ಶಾಸನದ ಕೊನೆಯಲ್ಲಿ ಇನ್ನೊಂದು ಚಮತ್ಕಾರವಿದೆ. ತಾನು ಕವಿತೆಯಲ್ಲಿ ಕಾಳಿದಾಸ, ಭಾರವಿಗಳ ಕೀರ್ತಿಯನ್ನು ಪಡೆದವನೆಂದು ರವಿಕೀರ್ತಿಯು ಹೇಳಿಕೊಂಡಿದ್ದಾನೆ. ಆ ಇಬ್ಬರು ಮಹಾಕವಿಗಳ ಕಾಲದ ಕೆಳಮಿತಿಯನ್ನು ನಿರ್ಣಯಿಸಲು ವಿದ್ವಾಂಸರು ಈ ಮಾತನ್ನು ಬಹಳವಾಗಿ ಬಳಸಿಕೊಂಡಿರುವರು. ಆದರೆ ಭಾರವಿಯ ಹೆಸರೇ ಏಕೆ ಬಂದಿತು? ‘ಭಾರವಿಕೀರ್ತಿ’ ಎಂಬ ಸಮಾಸದ ಮೊದಲಕ್ಷರವನ್ನು ಬಿಟ್ಟು ಓದಿದರೆ ಉಳಿಯುವುದು ‘ರವಿಕೀರ್ತಿ’. ಕವಿಯ ಹೆಸರು ಆ ಶ್ಲೋಕದಲ್ಲಿ ಮೊದಲೇ ಬಂದಿದ್ದು, ಮಹಾಕವಿಯ ಹೆಸರಿನೊಳಗೆ ಎರಡನೆಯ ಬಾರಿ ಅಡಗಿ ಕುಳಿತಿದೆ. ಭಾರವಿಯ ಹಿರಿಮೆ ಆಗಲೇ ಪ್ರಸಿದ್ಧವಾಗಿದ್ದಿರಬೇಕು. ಆದರೂ ಆಯ್ಕೆಯಲ್ಲಿ ಈ ಯಮಕದ ಪಾಲೂ ಇದೆಯೆಂಬುದನ್ನು ಮರೆಯಲಾಗದು.

ಕಲ್ಲಿನಲ್ಲಿ ಹಾಸ್ಯ

ಬಾದಾಮಿಯ ಒಂದನೆಯ ಗುಹೆಯ ಪಕ್ಕದಲ್ಲಿ ತ್ರಿಶೂಲಧಾರಿಯಾದ ದ್ವಾರಪಾಲನ ಕೆಳಗೆ ಎತ್ತು ಮತ್ತು ಆನೆಗಳ ಒಂದು ಜೋಡಿಶಿಲ್ಪವಿದೆ. ದೇಹಗಳು ಎರಡು, ತಲೆ ಮಾತ್ರ ಒಂದು. ಆನೆಯ ದೇಹವನ್ನು ಕೈಯಿಂದ ಮರೆಮಾಡಿದರೆ ಆ ತಲೆ ಎತ್ತಿನದಾಗುತ್ತದೆ, ಎತ್ತಿನ ದೇಹವನ್ನು ಮರೆಮಾಡಿದರೆ ಆನೆಯದಾಗುತ್ತದೆ. ಇದು ತಪ್ಪಲ್ಲವೆಂಬುದಕ್ಕೆ ಶಿಲ್ಪದ ಲೆಕ್ಕಾಚಾರವೇ ಸಾಕ್ಷಿ: ಒಂದೇ ರೇಖೆಯು ಎರಡು ಪ್ರಾಣಿಗಳಿಗೂ ಸಲ್ಲುವಂತೆ ಕೊರೆಯುವುದು ಕೈತಪ್ಪಿನಿಂದ ಆಗುವ ಕೆಲಸವಲ್ಲ. ಶತಮಾನಗಳ ತರುವಾಯ, ಹನ್ನೆರಡನೆಯ ಶತಮಾನದಲ್ಲಿ, ಕುಂಭಕೋಣದ ಬಳಿಯ ದಾರಾಸುರದ ಐರಾವತೇಶ್ವರ ದೇವಾಲಯದಲ್ಲಿಯೂ ಇದೇ ಬಗೆಯ ವೃಷಭಕುಂಜರವು ಕಾಣಿಸಿಕೊಳ್ಳುವುದರಿಂದ, ಇದು ಶಿಲ್ಪಿಗಳು ಪ್ರೀತಿಯಿಂದ ಉಳಿಸಿಕೊಂಡ ವಿನೋದವೆಂದು ಹೇಳಬಹುದು.

ಗುಹೆಗಳ ಜಗತಿಯ ಮೇಲೆ ಸಾಲಾಗಿರುವ ಕುಳ್ಳ ಗಣಗಳನ್ನೂ ಇಲ್ಲಿ ನೆನೆಯಬೇಕು. ಕುಣಿಯುವವರು, ವಾದ್ಯ ನುಡಿಸುವವರು, ಪ್ರಾಣಿಮುಖದವರು ಹೀಗೆ ಅವರ ಭಂಗಿಗಳು ಬಹು ವಿಧ. ಮೇಲಿನ ದೇವತಾಮೂರ್ತಿಗಳು ಲಕ್ಷಣಗ್ರಂಥದ ಕಟ್ಟಿಗೆ ಒಳಪಟ್ಟಿರುವಾಗ, ಕಾಲಮಟ್ಟದ ಈ ಪಟ್ಟಿಕೆಯಲ್ಲಿ ಶಿಲ್ಪಿಗೆ ಹೆಚ್ಚು ಸ್ವಾತಂತ್ರ್ಯ ದೊರೆತಿತ್ತು. ಭರತನ ನಾಟ್ಯಶಾಸ್ತ್ರವು ಹಾಸ್ಯರಸಕ್ಕೆ ಪ್ರಮಥರನ್ನು, ಎಂದರೆ ಶಿವಗಣಗಳನ್ನೇ, ಅಧಿದೇವತೆಯಾಗಿ ವಿಧಿಸಿದೆ. ಹೀಗಿರುವಾಗ ಗಣಗಳ ಚೇಷ್ಟೆಯು ಶಾಸ್ತ್ರದಿಂದ ತಪ್ಪಿಸಿಕೊಂಡ ನಗೆಯಲ್ಲ, ಶಾಸ್ತ್ರವೇ ಎಡೆಮಾಡಿಕೊಟ್ಟ ನಗೆ.

ಆದರೆ ಕಂಡುದೆಲ್ಲವನ್ನೂ ಗುಟ್ಟೆಂದು ತಿಳಿಯುವುದು ಅಪಾಯಕರ. ಅದೇ ಒಂದನೆಯ ಗುಹೆಯ ನಟರಾಜನಿಗೆ 18 ತೋಳುಗಳು. ಒಂದೊಂದು ಪಕ್ಕದ ಒಂಬತ್ತು ಕೈಗಳನ್ನು ಜೋಡಿಸಿದರೆ 81 ನಾಟ್ಯಭಂಗಿಗಳಾಗುವುವೆಂದು ಪ್ರವಾಸಿಗರಿಗೆ ಹೇಳುವುದು ವಾಡಿಕೆ. ಒಂಬತ್ತನ್ನು ಒಂಬತ್ತರಿಂದ ಗುಣಿಸಿದರೆ 81 ಎಂಬ ಗಣಿತವು ನಿರ್ದೋಷವಾದುದು. ಆದರೆ ನಾಟ್ಯಶಾಸ್ತ್ರವು ಎಣಿಸುವ ಕರಣಗಳು 108. ಅವುಗಳಲ್ಲಿ ಕಾಲಿನ ಚಲನೆಗೂ ಕೈಯಷ್ಟೇ ಸ್ಥಾನವಿದೆ. ಇಲ್ಲಿ ಕಾಲಿನ ನಿಲುವಾದರೋ ಒಂದೇ. ಆದುದರಿಂದ 81ರ ಲೆಕ್ಕವು ನೋಡುವವನ ಚಮತ್ಕಾರವೇ ಹೊರತು ಶಿಲ್ಪಿಯ ಸಂಕಲ್ಪವೆಂದು ಸಾಧಿಸಲು ಬರುವುದಿಲ್ಲ.

ಕಾಲವೇ ಮಾಡಿದ ವಿನೋದಗಳೂ ಇವೆ. ಐಹೊಳೆಯ ‘ದುರ್ಗ’ದ ಗುಡಿಗೆ ಆ ಹೆಸರು ಬಂದುದು ದುರ್ಗಾದೇವಿಯಿಂದಲ್ಲ, ಅದಕ್ಕೆ ಹೊಂದಿಕೊಂಡಿದ್ದ ಕೋಟೆಯಿಂದ. ಲಾಡಖಾನ ಗುಡಿಯ ಹೆಸರು ಬಹು ಕಾಲದ ಮೇಲೆ ಅದರಲ್ಲಿ ವಾಸವಾಗಿದ್ದ ಒಬ್ಬ ವ್ಯಕ್ತಿಯದು. ಹೆಸರನ್ನು ನೋಡಿ ದೇವತೆಯನ್ನು ನಿರ್ಣಯಿಸುವ ವಿದ್ಯಾರ್ಥಿಯು ನಿಷ್ಫಲವಾದ ‘ಬುದ್ಧಿ’ಯ ಅಂಕವನ್ನು ನಂಬಿ ಆಡಿದವನಂತೆ ಮೋಸಹೋಗುವನು.

ಹೆಸರಿನ ಪ್ರಶ್ನೆ

ಕೃತಿಯಲ್ಲಿ ತನ್ನ ಹೆಸರನ್ನು ಕರ್ತೃವು ಏಕೆ ಅಡಗಿಸುತ್ತಾನೆ? ವಿಡಿಯೋ ಆಟಗಳ ಚರಿತ್ರೆಯಲ್ಲಿ ಇದಕ್ಕೆ ಪ್ರಸಿದ್ಧವಾದ ಉತ್ತರವೊಂದಿದೆ. ಅಮೆರಿಕೆಯ ಅಟಾರಿ ಸಂಸ್ಥೆಯು ಆಗ ಆಟಗಳ ಮೇಲೆ ರಚನಕಾರರ ಹೆಸರನ್ನು ಪ್ರಕಟಿಸುತ್ತಿರಲಿಲ್ಲ. ‘ಅಡ್ವೆಂಚರ್’ ಎಂಬ ಆಟವನ್ನು ರಚಿಸಿದ ವಾರನ್ ರಾಬಿನೆಟ್ಟನು ಒಂದು ಗುಪ್ತ ಕೋಣೆಯನ್ನು ನಿರ್ಮಿಸಿ, ಅದರಲ್ಲಿ ತನ್ನ ಹೆಸರನ್ನು ಬರೆದಿಟ್ಟನು. 1980ರಲ್ಲಿ ಆಟವು ಮಾರಾಟಕ್ಕೆ ಬಂದ ಮೇಲೆ ಆಡುವವರೇ ಅದನ್ನು ಕಂಡುಹಿಡಿದರು. ಇಂಥ ಗುಟ್ಟುಗಳಿಗೆ ‘ಈಸ್ಟರ್ ಎಗ್’ ಎಂಬ ಹೆಸರು ಅಲ್ಲಿಂದ ರೂಢಿಗೆ ಬಂದಿತು.

ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ. ಶ. 578ರ ಶಾಸನವು ಅದನ್ನು ಮಾಡಿಸಿದ ಮಂಗಲೇಶನನ್ನೂ ಆಳುತ್ತಿದ್ದ ಅವನ ಅಣ್ಣ ಕೀರ್ತಿವರ್ಮನನ್ನೂ ಹೇಳುತ್ತದೆ. ಬಂಡೆಯನ್ನು ಕಡಿದವರ ಮಾತನ್ನು ಎತ್ತುವುದಿಲ್ಲ. ಹೀಗಾಗಿ ನಮ್ಮ ಶಿಲ್ಪಿಗಳೆಲ್ಲ ಅನಾಮಧೇಯರೆಂಬ ಅಭಿಪ್ರಾಯ ಬೆಳೆದಿದೆ. ಪಟ್ಟದಕಲ್ಲು ಈ ಅಭಿಪ್ರಾಯವನ್ನು ತಿದ್ದುತ್ತದೆ. ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು ಎಂಟನೆಯ ಶತಮಾನದಲ್ಲಿ ಕಟ್ಟಿಸಿದ, ಇಂದು ವಿರೂಪಾಕ್ಷವೆಂದು ಕರೆಯುವ ದೇವಾಲಯದಲ್ಲಿ, ಸೂತ್ರಧಾರಿ ಗುಂಡ ಅನಿವಾರಿತಾಚಾರಿಗೆ ತ್ರಿಭುವನಾಚಾರಿ ಎಂಬ ಬಿರುದು ದೊರೆತುದನ್ನು ಕನ್ನಡ ಶಾಸನವೇ ಸಾರುತ್ತದೆ. ತೆಂಕಣ ದಿಕ್ಕಿನ ಕೆಲಸದ ಸೂತ್ರಧಾರಿಯಾದ ಸರ್ವಸಿದ್ಧಿ ಆಚಾರಿಯನ್ನೂ ಹಾಗೆಯೇ ಕೊಂಡಾಡಲಾಗಿದೆ. ಪಾಪನಾಥ ದೇವಾಲಯದ ದಕ್ಷಿಣ ಪಾರ್ಶ್ವವನ್ನು ಮಾಡಿದವನು ರೇವಡಿ ಓವಜ್ಜನೆಂದು ಬರಹವುಂಟು. ಐಹೊಳೆಯಲ್ಲಿ ನರಸೊಬ್ಬನೆಂಬ ವಾಸ್ತುಶಿಲ್ಪಿಯನ್ನು ಜಂಬೂದ್ವೀಪದಲ್ಲಿಯೇ ಸಮಾನರಿಲ್ಲದವನೆಂದು ಹೊಗಳಿದೆ.

ಇವೆಲ್ಲ ಬಹಿರಂಗವಾದ ಮನ್ನಣೆಗಳು. ಇವಲ್ಲದೆ ಕಂಬ ಗೋಡೆಗಳ ಮೇಲೆ ಯಾವ ಬಿರುದೂ ಇಲ್ಲದೆ ಬರಿಯ ಹೆಸರಾಗಿ ಉಳಿದವರೂ ಇದ್ದಾರೆ. ರಾಜಪ್ರಶಸ್ತಿಯ ಪಕ್ಕದಲ್ಲಿ ಈ ಸಣ್ಣ ಅಕ್ಷರಗಳು ಕ್ಷುಲ್ಲಕವಾಗಿ ಕಾಣಬಹುದು. ಆದರೆ ಕಡಿದವರ ಚರಿತ್ರೆಗೆ ಅವೇ ಮೂಲದ್ರವ್ಯ. ಅವು ಸವೆದರೆ ಆ ಚರಿತ್ರೆಯೂ ಸವೆಯುತ್ತದೆ.

ಪರೀಕ್ಷೆಯ ಕ್ರಮ

ಈ ವಿವೇಚನೆಯಿಂದ ಮೂರು ಪ್ರಶ್ನೆಗಳು ಹೊರಡುತ್ತವೆ. ಇದು ಆಕಸ್ಮಿಕವಾಗಿ ಆಗಬಲ್ಲುದೇ? ಕರ್ತೃವಿನ ಸಮಕಾಲೀನರಲ್ಲಿ ಇದನ್ನು ಅರಿಯಬಲ್ಲವರು ಇದ್ದರೇ? ಇದನ್ನು ಒಪ್ಪಿದರೆ ಕೃತಿಯ ಅರ್ಥದಲ್ಲಿ ಏನಾದರೂ ಹೆಚ್ಚುವುದೇ? ಹರ್ಷನ ಶ್ಲೇಷೆಯೂ ಎತ್ತು-ಆನೆಯ ತಲೆಯೂ ಮೂರು ಪರೀಕ್ಷೆಗಳಲ್ಲಿ ತೇರ್ಗಡೆಯಾಗುತ್ತವೆ. 81 ಭಂಗಿಗಳ ಲೆಕ್ಕವು ಮೊದಲನೆಯ ಪ್ರಶ್ನೆಯಲ್ಲಿಯೇ ತಡೆಯುತ್ತದೆ.

ಇದರೊಡನೆ ಇನ್ನೊಂದು ಎಚ್ಚರವೂ ಅವಶ್ಯಕ. ‘ಫೈನಲ್ ಫ್ಯಾಂಟಸಿ’ಯ ಮುಂದಿನ ಆವೃತ್ತಿಗಳಲ್ಲಿ ಹಳೆಯ ತಪ್ಪುಗಳನ್ನು ತಿದ್ದಿದರು, ಗೋರಿಕಲ್ಲಿನ ಹೆಸರನ್ನೂ ಬದಲಿಸಿದರು. ಈಚಿನ ಆವೃತ್ತಿಯನ್ನು ಮಾತ್ರ ಕಂಡವನು ಮೊದಲಿನ ಪ್ರಮಾದವನ್ನೂ ವಿನೋದವನ್ನೂ ಒಟ್ಟಿಗೆ ಕಳೆದುಕೊಳ್ಳುವನು. ಶಾಸನಪಾಠದ ವಿಷಯದಲ್ಲಿಯೂ ಇದು ನಿಜ. ವಿಲಕ್ಷಣವಾಗಿ ಕಂಡ ಅಕ್ಷರವನ್ನು ಸದ್ದಿಲ್ಲದೆ ತಿದ್ದಿ ಅಚ್ಚು ಹಾಕಿದರೆ, ತಪ್ಪಿನ ಜೊತೆಗೆ ಶ್ಲೇಷೆಯೂ ಅಳಿಸಿಹೋಗಬಹುದು. ಕಲ್ಲಿನಲ್ಲಿ ಇದ್ದುದನ್ನು ಇದ್ದಂತೆ ಕೊಟ್ಟು ತಿದ್ದುಪಡಿಯನ್ನು ಬೇರೆಯಾಗಿ ಸೂಚಿಸುವ ಶಾಸನಸಂಪಾದಕರ ಪದ್ಧತಿಗೆ ಬೆಲೆ ಇರುವುದು ಈ ಕಾರಣದಿಂದ.

ಬಾಗಲಕೋಟೆ, ಇಳಕಲ್ಲು, ಹುನಗುಂದಗಳ ಕಾಲೇಜುಗಳ ವಿದ್ಯಾರ್ಥಿಗಳಿಗೆ ಈ ಸ್ಮಾರಕಗಳು ಒಂದು ದಿನದ ಹಾದಿಯೊಳಗಿವೆ. ಅರಸರ ವಂಶಾವಳಿಯನ್ನು ಬಾಯಿಪಾಠ ಮಾಡಿಕೊಂಡು ಹೋಗುವ ಬದಲು, ಒಂದೊಂದು ಗಣದ ಭಂಗಿಯನ್ನು, ಒಂದೊಂದು ಕಂಬದ ಮೇಲಿನ ಹೆಸರನ್ನು ಅಳತೆಯೊಡನೆ ಬರೆದು ಚಿತ್ರಿಸಿಕೊಂಡು ಬರುವುದನ್ನು ಅಧ್ಯಾಪಕರು ರೂಢಿಗೆ ತರುವುದಾದರೆ, ಅಳಿಯುವ ಮೊದಲು ದಾಖಲಾಗಬೇಕಾದ ಸಾಮಗ್ರಿಯು ಕ್ರಮೇಣ ಸಂಗ್ರಹವಾಗುವುದು.