ನವಿಲಿನ ಆತ್ಮರಕ್ಷಣೆ

ದಿಲ್ಲಿಯ ರಿಜ್ ಕಾಡಿನ ಬಳಿ ವಾಸಿಸುವ ನಮಗೆ ನವಿಲಿನ ಕೂಗೇ ಬೆಳಗಿನ ಗಡಿಯಾರ. “ಅಪ್ಪಾ, ಇಷ್ಟುದ್ದದ ಗರಿ ಹೊತ್ತು ಇದು ಶತ್ರುವಿನಿಂದ ಹೇಗೆ ಪಾರಾಗುತ್ತದೆ?” ಎಂದಳು ಮಗಳು.

ಉಪಾಯಗಳು ಹಲವುಂಟು. ಗುಂಪಾಗಿ ಮೇಯುವಾಗ ಒಂದಾದರೂ ಕತ್ತೆತ್ತಿ ನೋಡುತ್ತಿರುತ್ತದೆ. ಚಿರತೆಯ ಸುಳಿವು ಸಿಕ್ಕರೆ ಕೂಗಿ ಕಾಡನ್ನೆಲ್ಲ ಎಚ್ಚರಿಸುತ್ತದೆ. ಮೊದಲು ಪೊದೆಯತ್ತ ಓಟ; ಸಾಲದಿದ್ದರೆ ಹಾರಾಟ. ರಾತ್ರಿ ಎತ್ತರದ ಮರವೇ ಆಶ್ರಯ. ಗಂಡಿನ ಕಾಲಲ್ಲಿ ಚೂಪಾದ ಮುಳ್ಳೂ ಉಂಟು. ಮಳೆಗಾಲ ಕಳೆಯುತ್ತಲೇ ಉದ್ದ ಗರಿಗಳು ಉದುರಿ ಹೊರೆ ಇಳಿಯುತ್ತದೆ. ನೆಲದ ಮೇಲೆ ಸುಮಾರು 28 ದಿನ ಕಾವು ಕೂರುವ ಹೆಣ್ಣಿಗೆ ಮಣ್ಣಿನ ಬಣ್ಣವೇ ಕವಚ.

1963ರಲ್ಲಿ ರಾಷ್ಟ್ರಪಕ್ಷಿಯಾದ ನವಿಲನ್ನು ಕೊಲ್ಲುವುದು 1972ರ ಕಾಯಿದೆಯಂತೆ ಅಪರಾಧ. ಆದರೂ ಹೊಲದಲ್ಲಿ ವಿಷ ಹಚ್ಚಿದ ಬಿತ್ತನೆಕಾಳು ತಿಂದು ನವಿಲುಗಳು ಸಾಯುತ್ತಿವೆ. ಚಿರತೆಯನ್ನು ದೂರದಿಂದಲೇ ಗುರುತಿಸುವ ಕಣ್ಣಿಗೆ ಕಾಳಿನ ಮೇಲಿನ ವಿಷ ಕಾಣದು. ಅಲ್ಲಿ ಕಾಯಬೇಕಾದವರು ನಾವೇ ಅಲ್ಲವೇ?